ಎತ್ತರ ಕಡಿಮೆ ಇರುವವರ ಬಟ್ಟೆ ಫಿಟ್ಟಿಂಗ್: ಭುಜದಿಂದ ಶುರು ಮಾಡಿ, ಕೆಳಗಿನ ಅಂಚು ಕೊನೆಗಿರಲಿ

ಎತ್ತರ ಕಡಿಮೆ ಇರುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ. "ಕೆಳಗೆ ಎರಡು ಇಂಚು ಮಡಚಿ ಹೊಲಿದರೆ ಆಯ್ತು." ಉದ್ದವೇನೋ ಕಮ್ಮಿ ಆಗುತ್ತದೆ. ಆದರೆ ಡ್ರೆಸ್ಸಿನ ಸೊಂಟ ಇನ್ನೂ ನಿಮ್ಮ ಹಿಪ್ ಮೇಲೇ ಕೂತಿರುತ್ತದೆ, ಕಂಕುಳ ಹತ್ತಿರ ಬಟ್ಟೆ ಜೋತಾಡುತ್ತದೆ, ಕುತ್ತಿಗೆ ಬೇಕಿದ್ದಕ್ಕಿಂತ ಕೆಳಗೆ ಇಳಿದಿರುತ್ತದೆ, ಭುಜದ ಹೊಲಿಗೆ ತೋಳಿನ ಮೇಲೆ ಜಾರಿರುತ್ತದೆ. ಬೇರೆಯವರ ಬಟ್ಟೆ ಹಾಕಿಕೊಂಡಂತೆ ಕಾಣುವುದು ಇದರಿಂದಲೇ, ಕೆಳಗಿನ ಉದ್ದದಿಂದ ಅಷ್ಟಾಗಿ ಅಲ್ಲ.

ಕಾರಣ ಸರಳ. ರೆಡಿಮೇಡ್ ಬಟ್ಟೆಯ ಮಾಮೂಲಿ ಸೈಜುಗಳನ್ನು ಹೆಚ್ಚಿನ ಬ್ರ್ಯಾಂಡ್‌ಗಳು ಸುಮಾರು 5 ಅಡಿ 5 ಇಂಚು ಎತ್ತರದ ಹೆಂಗಸರ ಲೆಕ್ಕದಲ್ಲಿ ಕತ್ತರಿಸುತ್ತವೆ. ಪೆಟೀಟ್ ಅಂತ ಚೀಟಿ ಇರುವ ಬಟ್ಟೆ 5 ಅಡಿ 4 ಇಂಚಿಗಿಂತ ಕಡಿಮೆ ಎತ್ತರದವರಿಗೆ, ಅಂದರೆ ಸುಮಾರು 163 ಸೆಂಟಿಮೀಟರ್ ಒಳಗಿನವರಿಗೆ. ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ. ದಪ್ಪ ಇದ್ದವರೂ ಪೆಟೀಟ್ ಆಗಬಹುದು, ತೆಳ್ಳಗೆ ಉದ್ದಕ್ಕೆ ಇದ್ದವರು ಆಗುವುದಿಲ್ಲ. ಹಾಗಾಗಿ ಒಂದು ಸೈಜ್ ಚಿಕ್ಕದು ತಗೊಂಡರೆ ಸರಿಹೋಗುತ್ತದೆ ಅನ್ನುವುದು ಸುಳ್ಳು. ಚಿಕ್ಕ ಸೈಜಿನಲ್ಲಿ ಸುತ್ತಳತೆ ಬಿಗಿಯಾಗುತ್ತದೆ, ಉದ್ದ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ನಾಲ್ಕು ಇಂಚು ಎತ್ತರ ಕಮ್ಮಿ ಅಂದರೆ ಆ ನಾಲ್ಕು ಇಂಚೂ ಕಾಲಿನಲ್ಲೇ ಕಮ್ಮಿ ಇರುವುದಿಲ್ಲ, ಅಲ್ವಾ? ಭುಜದಿಂದ ಎದೆಗೆ ಸ್ವಲ್ಪ, ಎದೆಯಿಂದ ಸೊಂಟಕ್ಕೆ ಸ್ವಲ್ಪ, ಸೊಂಟದಿಂದ ಹಿಪ್‌ಗೆ ಸ್ವಲ್ಪ, ಮೊಣಕಾಲಿನ ಮೇಲೆ, ಕೆಳಗೆ, ಹೀಗೆ ಹಂಚಿಹೋಗಿರುತ್ತದೆ. ಬಟ್ಟೆಯಲ್ಲೂ ಅದೇ ಜಾಗಗಳಲ್ಲಿ ಅಷ್ಟಷ್ಟೇ ತೆಗೆಯಬೇಕು. ಈ ಬರಹದ ಇಡೀ ಕೆಲಸ ಇದೇ.

ಮೊದಲು ಅಳತೆ, ಅದೂ ಮೇಲಿಂದ ಕೆಳಕ್ಕೆ

ಎದೆ, ಸೊಂಟ, ಹಿಪ್ ಸುತ್ತಳತೆ ಎಲ್ಲರಿಗೂ ಗೊತ್ತಿರುತ್ತದೆ. ನಮಗೆ ಬೇಕಾಗಿರುವುದು ಉದ್ದದ ಅಳತೆಗಳು. ಸೊಂಟಕ್ಕೆ ಒಂದು ತೆಳು ಎಲಾಸ್ಟಿಕ್ ಕಟ್ಟಿಕೊಂಡು ಒಮ್ಮೆ ಪಕ್ಕಕ್ಕೆ ಬಾಗಿ. ದೇಹ ಎಲ್ಲಿ ಮಡಚುತ್ತದೋ ಅಲ್ಲಿಗೆ ಎಲಾಸ್ಟಿಕ್ ತಾನೇ ಹೋಗಿ ಕೂರುತ್ತದೆ. ಅದು ನಿಮ್ಮ ನಿಜವಾದ ಸೊಂಟ. ಹೊಕ್ಕುಳ ಲೆಕ್ಕ ಹಿಡಿಯಬೇಡಿ, ಅದು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ.

ಇಷ್ಟನ್ನು ಬರೆದಿಟ್ಟುಕೊಳ್ಳಿ:

- ಭುಜದ ಹೊಲಿಗೆ ಕುತ್ತಿಗೆಗೆ ಸೇರುವ ಜಾಗದಿಂದ ಎದೆಯ ತುದಿವರೆಗೆ
- ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಎದ್ದು ಕಾಣುವ ಮೂಳೆಯಿಂದ ಎಲಾಸ್ಟಿಕ್‌ವರೆಗೆ
- ಒಂದು ಭುಜದ ತುದಿಯಿಂದ ಇನ್ನೊಂದು ಭುಜದ ತುದಿಗೆ, ಬೆನ್ನಿನ ಕಡೆಯಿಂದ
- ಎಲಾಸ್ಟಿಕ್‌ನಿಂದ ಹಿಪ್ ಅತಿ ಅಗಲ ಇರುವ ಜಾಗಕ್ಕೆ
- ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಕ್ಕದಲ್ಲಿ ಎಲಾಸ್ಟಿಕ್‌ನಿಂದ ಕುರ್ಚಿವರೆಗೆ (ಪ್ಯಾಂಟಿನ ಆಳಕ್ಕೆ, ಅಂದರೆ ಸೊಂಟದಿಂದ ಎರಡು ಕಾಲು ಸೇರುವ ಜಾಗದವರೆಗಿನ ಅಳತೆಗೆ, ಇದು ಬೇಕು)
- ಕೈ ಸ್ವಲ್ಪ ಮಡಚಿ, ಭುಜದ ತುದಿಯಿಂದ ಮೊಣಕೈ, ಅಲ್ಲಿಂದ ಮಣಿಕಟ್ಟು
- ಸೊಂಟದಿಂದ ಮೊಣಕಾಲು, ಸೊಂಟದಿಂದ ನೆಲ

ಬೆನ್ನಿನ ಅಳತೆ ಒಬ್ಬರೇ ತಗೊಳ್ಳೋಕೆ ಆಗುವುದಿಲ್ಲ. ಮನೆಯವರನ್ನೋ ಗೆಳತಿಯನ್ನೋ ಕರೆಯಿರಿ.

ಈಗ ಬಟ್ಟೆಯನ್ನು ಹರಡಿ ಅದೇ ಜಾಗಗಳನ್ನು ಅಳೆಯಿರಿ. ಬಟ್ಟೆಯ ಎದೆ ತುದಿ ಎಲ್ಲಿದೆ ಅಂತ ಡಾರ್ಟ್ (ಆಕಾರ ಕೊಡಲು ಚೂಪಾಗಿ ಮಡಚಿ ಹಾಕಿದ ಹೊಲಿಗೆ) ಹೇಳುತ್ತದೆ, ಅದು ಆ ಕಡೆಗೇ ಮುಖ ಮಾಡಿರುತ್ತದೆ. ಬಟ್ಟೆಯ ಸೊಂಟ ಅಂದರೆ ಪಕ್ಕದ ಹೊಲಿಗೆ ಅತಿ ಒಳಗೆ ಬಾಗಿರುವ ಜಾಗ. ಒಂದು ಉದಾಹರಣೆ ನೋಡೋಣ. ಬಟ್ಟೆಯಲ್ಲಿ ಕತ್ತಿನಿಂದ ಸೊಂಟಕ್ಕೆ 16 ಇಂಚು, ನಿಮಗೆ 14.5. ಒಟ್ಟು ಒಂದೂವರೆ ಇಂಚು ಹೆಚ್ಚು. ಭುಜದಿಂದ ಎದೆ ತುದಿಗೆ ಬಟ್ಟೆಯಲ್ಲಿ 10.5, ನಿಮಗೆ 10. ಅಂದರೆ ಅರ್ಧ ಇಂಚನ್ನು ಎದೆಗಿಂತ ಮೇಲೆ ತೆಗೆಯಬೇಕು, ಉಳಿದ ಒಂದು ಇಂಚನ್ನು ಎದೆ ಮತ್ತು ಸೊಂಟದ ನಡುವೆ. ಈ ಲೆಕ್ಕ ಮಾಡದೆ ಕತ್ತರಿ ಹಿಡಿಯಬೇಡಿ.

ಯಾವ ಬಟ್ಟೆಗೆ ಕೈ ಹಾಕಬೇಕು, ಯಾವುದಕ್ಕೆ ಬೇಡ

ಎಲ್ಲ ಬಟ್ಟೆಯೂ ರಿಪೇರಿ ಆಗುವುದಿಲ್ಲ, ಇದನ್ನು ಕೊಳ್ಳುವಾಗಲೇ ಯೋಚಿಸಿದರೆ ಅರ್ಧ ತಲೆನೋವು ಕಮ್ಮಿ. ಪಕ್ಕದ ಹೊಲಿಗೆ ಒಳಗೆ ತರುವುದು, ಕೆಳಗಿನ ಅಂಚು ಮೇಲೆ ಮಾಡುವುದು, ಕಫ್ ಇಲ್ಲದ ತೋಳು ಚಿಕ್ಕದು ಮಾಡುವುದು, ತೋಳಿಲ್ಲದ ಡ್ರೆಸ್ಸಿನ ಭುಜ ಎತ್ತುವುದು ಸುಲಭ. ಭುಜ ಅಗಲ ಇದ್ದು ತೋಳು ಬಿಚ್ಚಿ ಮತ್ತೆ ಕೂರಿಸುವುದು ಕಷ್ಟ, ಆದರೆ ಕಲಿಯಬಹುದು. ಪ್ಯಾಡ್, ಲೈನಿಂಗ್, ಕಾಲರ್ ಎಲ್ಲ ಇರುವ ಕೋಟು, ಭುಜದಲ್ಲೇ ದೊಡ್ಡದಾಗಿದ್ದರೆ, ಬಿಟ್ಟುಬಿಡಿ. ಅದಕ್ಕೆ ಹಾಕುವ ಸಮಯದಲ್ಲಿ ಹೊಸದನ್ನೇ ಹೊಲಿಯಬಹುದು.

ನನ್ನ ನಿಯಮ ಇಷ್ಟೇ. ಭುಜ ಮತ್ತು ಎದೆ ಕೂತರೆ ತಗೊಳ್ಳಿ, ಉಳಿದದ್ದನ್ನು ನೋಡಿಕೊಳ್ಳೋಣ. ಅಡ್ಡ ಗೆರೆಗಳು ಕಮ್ಮಿ ಇರುವ ಬಟ್ಟೆ ಆರಿಸಿ. ಸೊಂಟದ ಹೊಲಿಗೆ, ಕೆಳಗೆ ಇರುವ ದೊಡ್ಡ ಜೇಬು, ಮೊಣಕಾಲಿನ ಹತ್ತಿರದ ಡಿಸೈನ್, ಇವೆಲ್ಲ ಎತ್ತರದವರ ಲೆಕ್ಕಕ್ಕೆ ಕೂರಿಸಿದವು, ಜಾಗ ಬದಲಿಸೋದು ಕಷ್ಟ. ಮಕ್ಕಳ ವಿಭಾಗದಲ್ಲಿ ಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಟೀ ಶರ್ಟಿಗೆ ನಡೆಯುತ್ತದೆ. ಉಳಿದದ್ದಕ್ಕೆ ಎದೆಯ ಆಕಾರವೇ ಇರುವುದಿಲ್ಲ, ಕಂಕುಳಲ್ಲಿ ಹಿಡಿಯುತ್ತದೆ.

ಬಿಚ್ಚುವ ಮುಂಚೆ ಬಟ್ಟೆಯನ್ನು ಒಗೆದು ಇಸ್ತ್ರಿ ಹಾಕಿ, ಹತ್ತಿ ಆದರೆ ಖಂಡಿತ ಒಗೆಯಿರಿ. ಮೊದಲ ಒಗೆತಕ್ಕೆ ಕುಗ್ಗುವ ಬಟ್ಟೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿದರೆ ಆಮೇಲೆ ಮಾಡೋಕೆ ಏನೂ ಉಳಿಯುವುದಿಲ್ಲ. ತೆಳು ಬಟ್ಟೆಗೆ 70 ನಂಬರ್ ಸೂಜಿ, ಮಾಮೂಲಿ ಹತ್ತಿಗೆ 80 ಅಥವಾ 90, ಡೆನಿಮ್‌ಗೆ 100. ಹಿಗ್ಗುವ ಬಟ್ಟೆಗೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ. ಟ್ರಯಲ್ ನೋಡೋಕೆ ಮೆಷಿನ್ನಿನ ಹೊಲಿಗೆ ಉದ್ದವನ್ನು 4 ಅಥವಾ 5 ಮಿಲಿಮೀಟರ್‌ಗೆ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಸರಿ ಅನ್ನಿಸಿದ ಮೇಲೆ 2.5ಕ್ಕೆ ಇಳಿಸಿ ಗಟ್ಟಿ ಹೊಲಿಯಿರಿ.

ಭುಜ ಎತ್ತುವುದು

ಇಲ್ಲಿಂದಲೇ ಶುರು ಮಾಡಬೇಕು. ಬಟ್ಟೆ ನೇತಾಡುವುದು ಭುಜದಿಂದ. ಭುಜವನ್ನು ಅರ್ಧ ಇಂಚು ಎತ್ತಿದರೆ ಕುತ್ತಿಗೆ, ಎದೆಯ ಡಾರ್ಟ್, ಕಂಕುಳು, ಸೊಂಟ, ಸ್ಲಿಟ್, ಕೆಳಗಿನ ಅಂಚು ಎಲ್ಲವೂ ಅರ್ಧ ಇಂಚು ಮೇಲೆ ಬರುತ್ತವೆ. ಮೊದಲೇ ಅಂಚು ಕತ್ತರಿಸಿಬಿಟ್ಟಿದ್ದರೆ ಈಗ ಬಟ್ಟೆ ಗಿಡ್ಡ ಆಗುತ್ತದೆ. ಅದಕ್ಕೇ ಅಂಚನ್ನು ಕೊನೆಗೆ ಇಟ್ಟಿರುವುದು.

ತೋಳಿಲ್ಲದ ಬಟ್ಟೆಯಲ್ಲಿ ಸುಲಭ. ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಭುಜದ ಹೊಲಿಗೆಯನ್ನು ಚಿವುಟಿ ಎತ್ತಿ ಗುಂಡುಪಿನ್ನು ಚುಚ್ಚಿ. ಸೊಂಟ ಎಲಾಸ್ಟಿಕ್ ಜಾಗಕ್ಕೆ ಪೂರ್ತಿ ಬರಲಿ ಅಂತ ಎಳೆಯಬೇಡಿ, ಎದೆಯ ಡಾರ್ಟ್ ಸರಿಯಾದ ಜಾಗಕ್ಕೆ ಬಂದರೆ ಸಾಕು. ಕುತ್ತಿಗೆ ಕಡೆಯೂ ತೋಳಿನ ಕಡೆಯೂ ಒಂದೇ ಸಮ ಎತ್ತಿರಬೇಕು. ತೋಳಿನ ಕಡೆ ಮಾತ್ರ ಎತ್ತಿದರೆ ಅದು ಇಳಿಜಾರು ಭುಜಕ್ಕೆ ಮಾಡುವ ರಿಪೇರಿ, ಬೇರೆ ಕತೆ. ಪಿನ್ನು ಚುಚ್ಚಿದ ಗೆರೆಗೆ ಚಾಕ್ ಹಾಕಿ, ಕುತ್ತಿಗೆಯ ಒಳಪಟ್ಟಿಯನ್ನು ಭುಜದ ಹತ್ತಿರ ಎರಡೆರಡು ಇಂಚು ಬಿಚ್ಚಿ, ಬಟ್ಟೆಯನ್ನೂ ಒಳಪಟ್ಟಿಯನ್ನೂ ಒಂದೇ ಅಳತೆಗೆ ಹೊಲಿದು, ಮತ್ತೆ ಪಟ್ಟಿ ಮುಚ್ಚಿ.

ಒಂದು ಎಚ್ಚರಿಕೆ. ಮುಂದೆ ಅರ್ಧ, ಹಿಂದೆ ಅರ್ಧ, ಹೀಗೆ ಒಂದೊಂದು ಭುಜದಲ್ಲಿ ಒಂದು ಇಂಚು ಹೋಗುತ್ತದೆ, ಕುತ್ತಿಗೆಯ ಸುತ್ತಳತೆಯಲ್ಲಿ ಒಟ್ಟು ಎರಡು ಇಂಚಿನಷ್ಟು ಕಮ್ಮಿ ಆಗುತ್ತದೆ. ಆಳದ ಕುತ್ತಿಗೆಗೆ ಇದು ವರ. ಚಿಕ್ಕ ದುಂಡು ಕುತ್ತಿಗೆ ಆಗಿದ್ದರೆ ತಲೆ ತೂರುತ್ತದಾ ಅಂತ ಕಚ್ಚಾ ಹೊಲಿಗೆಯಲ್ಲೇ ನೋಡಿ. ಕಾಲರ್ ಇರುವ ಶರ್ಟಿಗೆ ಈ ವಿಧಾನ ಬೇಡ, ಕಾಲರ್ ಹಳೆಯ ಅಳತೆಯಲ್ಲೇ ಉಳಿಯುತ್ತದೆ, ಕೂರುವುದಿಲ್ಲ.

ತೋಳು ಇದ್ದರೆ ಆರ್ಮ್‌ಹೋಲ್ (ತೋಳು ಕೂರಿಸುವ ತೂತು) ಸುತ್ತಳತೆಯೂ ಒಂದು ಇಂಚು ಚಿಕ್ಕದಾಗುತ್ತದೆ. ಹಳೆಯ ತೋಳನ್ನೇ ಒತ್ತಿ ತುರುಕಿದರೆ ಸುಕ್ಕು ಬರುತ್ತದೆ. ತೋಳಿನ ಮೇಲ್ಭಾಗದ ಬಾಗನ್ನು ಅದೇ ಆಕಾರದಲ್ಲಿ ಅರ್ಧ ಇಂಚು ಕೆಳಗೆ ಹೊಸದಾಗಿ ಗುರುತು ಮಾಡಿ ಕತ್ತರಿಸಿ. ಆಮೇಲೂ ತೋಳು ಸ್ವಲ್ಪ ದೊಡ್ಡದಾಗೇ ಇದ್ದು ರಟ್ಟೆಯ ಹತ್ತಿರ ಸಡಿಲ ಇದ್ದರೆ, ತೋಳಿನ ಕೆಳಹೊಲಿಗೆಯನ್ನು ಕಂಕುಳಲ್ಲಿ ಕಾಲು ಇಂಚು ಒಳಗೆ ತಂದು ಮೊಣಕೈ ಹತ್ತಿರ ಸೊನ್ನೆಗೆ ಸೇರಿಸಿ.

ಅಗಲ ಭುಜ, ಜೋತುಬಿದ್ದ ಕಂಕುಳು

ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿದ್ದರೆ ತೋಳನ್ನು ಒಳಗೆ ತರಬೇಕು. ಭುಜದ ಮೂಳೆಯ ತುದಿಯಲ್ಲಿ ಚಾಕ್ ಗುರುತು ಹಾಕಿ. ತೋಳನ್ನು ಕಂಕುಳ ಕೆಳಭಾಗ ಬಿಟ್ಟು ಮೇಲೆ ಮಾತ್ರ ಬಿಚ್ಚಿ, ಹೊಸ ಗುರುತಿನಿಂದ ನಿಧಾನಕ್ಕೆ ಬಾಗುತ್ತಾ ಬಂದು ಹಳೆಯ ಹೊಲಿಗೆಗೆ ಸೇರುವಂತೆ ಗೆರೆ ಎಳೆದು, ಮಾರ್ಜಿನ್ (ಹೊಲಿಗೆಯ ಆಚೆ ಉಳಿಯುವ ಬಟ್ಟೆ) ಬಿಟ್ಟು ಕತ್ತರಿಸಿ, ತೋಳನ್ನು ಮತ್ತೆ ಕೂರಿಸಿ. ಮುಕ್ಕಾಲು ಇಂಚಿನವರೆಗೆ ಇದು ನಡೆಯುತ್ತದೆ. ತೋಳಿನ ಉದ್ದವೂ ಅಷ್ಟೇ ಮೇಲೆ ಬರುತ್ತದೆ ಅನ್ನುವುದು ನೆನಪಿರಲಿ. ಇಷ್ಟು ಕೆಲಸ ಬೇಡ ಅನ್ನುವವರು ಭುಜದ ಮೇಲೆ ಎರಡು ಸಣ್ಣ ಪ್ಲೀಟ್ ಹಿಡಿಯಬಹುದು. ಮೆತ್ತನೆ ಬಟ್ಟೆಯಲ್ಲಿ ಡಿಸೈನ್ ಥರವೇ ಕಾಣುತ್ತದೆ.

ಕಂಕುಳ ವಿಷಯದಲ್ಲಿ ತುಂಬಾ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಆರ್ಮ್‌ಹೋಲ್ ಕೆಳಗೆ ಇದ್ದರೆ ಕೈ ಆಡಿಸಲು ಆರಾಮ ಅಂದುಕೊಳ್ಳುತ್ತಾರೆ. ಉಲ್ಟಾ. ಕೈ ಎತ್ತಿ ನೋಡಿ, ಕಂಕುಳು ಕೆಳಗಿರುವ ಶರ್ಟು ಪೂರ್ತಿ ಮೇಲೆದ್ದು ಹೊಟ್ಟೆ ಕಾಣುತ್ತದೆ. ಕಂಕುಳಿಗೆ ಹತ್ತಿರ ಕೂತ ತೋಳಿನಲ್ಲಿ ಕೈ ಮಾತ್ರ ಮೇಲೆ ಹೋಗುತ್ತದೆ, ಶರ್ಟು ಇದ್ದಲ್ಲೇ ಇರುತ್ತದೆ. ಆದರೆ ಕತ್ತರಿಸಿ ಹೋದ ಬಟ್ಟೆಯನ್ನು ಕೆಳಗಿನಿಂದ ವಾಪಸ್ ತರೋಕೆ ಆಗಲ್ಲ. ಹಾಗಾಗಿ ಆರ್ಮ್‌ಹೋಲ್ ಎತ್ತಬೇಕು ಅಂದರೆ ಭುಜದಿಂದಲೇ ಎತ್ತಬೇಕು, ಬೇರೆ ದಾರಿ ಇಲ್ಲ. ಕಂಕುಳಲ್ಲಿ ಪಕ್ಕದ ಹೊಲಿಗೆಯನ್ನು ಸುಮ್ನೆ ಒಳಗೆ ಹೊಲಿಯುತ್ತಾ ಹೋದರೆ ಎದೆ ಬಿಗಿಯಾಗುತ್ತದೆ, ಆಳ ಅಷ್ಟೇ ಇರುತ್ತದೆ.

ಸೊಂಟವನ್ನು ಸೊಂಟಕ್ಕೆ ತರುವುದು

ಭುಜ ಆದಮೇಲೆ ಬಟ್ಟೆ ಮತ್ತೆ ಹಾಕಿಕೊಳ್ಳಿ. ಸೊಂಟ ಇನ್ನೂ ಕೆಳಗೆ ಇದ್ದರೆ ಎರಡು ದಾರಿ.

ಸೊಂಟದಲ್ಲಿ ಹೊಲಿಗೆ ಇರುವ ಡ್ರೆಸ್ ಆದರೆ, ಜಿಪ್ ಅನ್ನು ಆ ಜಾಗದಲ್ಲಿ ಬಿಚ್ಚಿ, ಸೊಂಟದ ಹೊಲಿಗೆ ಪೂರ್ತಿ ಬಿಚ್ಚಿ, ಮೇಲಿನ ಭಾಗದ ಕೆಳಗಿನಿಂದ ಹೆಚ್ಚುವರಿ ಬಟ್ಟೆ ತೆಗೆಯಿರಿ. ಒಂದು ಇಂಚು ತೆಗೆದಾಗ ಕೆಳತುದಿ ಅಗಲ ಆಗುತ್ತದೆ, ಯಾಕೆಂದರೆ ಸೊಂಟಕ್ಕಿಂತ ಮೇಲಿನ ಭಾಗ ಅಗಲ ಇರುತ್ತದೆ. ಅದನ್ನು ಡಾರ್ಟಿನಲ್ಲೂ ಪಕ್ಕದ ಹೊಲಿಗೆಯಲ್ಲೂ ಹಂಚಿ ಒಳಗೆ ತಂದು ಸ್ಕರ್ಟಿನ ಅಗಲಕ್ಕೆ ಸಮ ಮಾಡಿ, ಆಮೇಲೆ ಜೋಡಿಸಿ.

ಸೊಂಟದ ಹೊಲಿಗೆಯೇ ಇಲ್ಲದ ಕುರ್ತಾ, ಶರ್ಟು, ಉದ್ದ ಟಾಪ್ ಆದರೆ ಪಕ್ಕದ ಬಾಗನ್ನು ಬದಲಿಸಬೇಕು. ಬಟ್ಟೆಯ ಅತಿ ಕಿರಿದಾದ ಜಾಗ ನಿಮ್ಮ ಹಿಪ್ ಮೇಲೆ ಕೂತಾಗ ಅಲ್ಲಿ ಹಿಡಿಯುತ್ತದೆ, ಹಿಡಿದದ್ದು ಮೇಲೇರಿ ಸೊಂಟದಲ್ಲಿ ಅಡ್ಡ ಸುಕ್ಕು ಬೀಳುತ್ತದೆ. ಜನ ಇದನ್ನು ನೋಡಿ "ದಪ್ಪ ಆಗಿದ್ದೀನಿ" ಅಂದುಕೊಳ್ಳುತ್ತಾರೆ, ಪಾಪ. ಪಕ್ಕದ ಹೊಲಿಗೆಯನ್ನು ಕಂಕುಳಿಂದ ಸ್ಲಿಟ್‌ವರೆಗೆ ಬಿಚ್ಚಿ. ನಿಮ್ಮ ಸೊಂಟದ ಎತ್ತರದಲ್ಲಿ ಒಳಗೆ ಬಾಗಿಸಿ, ಹಳೆಯ ಸೊಂಟ ಇದ್ದ ಜಾಗದಲ್ಲಿ ಮಾರ್ಜಿನ್ ಇದ್ದಷ್ಟು ಹೊರಗೆ ಬಿಡಿ. ಹಳೆಯ ಹೊಲಿಗೆಯ ತೂತು ಎದ್ದು ಕಾಣುತ್ತದಾ ಅಂತ ಮೊದಲು ಒಂದು ಕಡೆ ಎರಡು ಇಂಚು ಬಿಚ್ಚಿ ನೋಡುವುದು ಒಳ್ಳೆಯದು. ರೇಷ್ಮೆ, ಸ್ಯಾಟಿನ್‌ನಲ್ಲಿ ತೂತು ಹೋಗುವುದೇ ಇಲ್ಲ.

ಸ್ಲಿಟ್ ಅನ್ನು ಮರೆಯಬೇಡಿ. ಅಂಚನ್ನು ಮೂರು ಇಂಚು ಮೇಲೆ ಮಾಡಿ ಸ್ಲಿಟ್ ಶುರುವಾಗುವ ಜಾಗ ಹಾಗೇ ಬಿಟ್ಟರೆ ಸ್ಲಿಟ್ ಮೂರು ಇಂಚು ಚಿಕ್ಕದಾಯ್ತು. ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಹಿಪ್ ಅತಿ ಅಗಲ ಇರುವ ಗೆರೆಯ ಹತ್ತಿರ ಸ್ಲಿಟ್ ಶುರುವಾಗಲಿ, ಮೂಲೆಯಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ.

ತೋಳು

ಕಫ್ ಇಲ್ಲದಿದ್ದರೆ ಕೆಳಗೆ ಮಡಚಿ ಹೊಲಿದರೆ ಮುಗಿಯಿತು. ಕಫ್ ಇದ್ದರೆ ಅದನ್ನು ಬಿಚ್ಚಿ, ತೋಳು ಕತ್ತರಿಸಿ, ಅಗಲ ಹೆಚ್ಚಾದದ್ದನ್ನು ಪ್ಲೀಟ್‌ಗೆ ಸೇರಿಸಿ, ಮತ್ತೆ ಹಾಕಬೇಕು. ಗುಂಡಿ ಪಟ್ಟಿಯ ಸೀಳು ಅಷ್ಟೇ ಚಿಕ್ಕದಾಗುತ್ತದೆ, ಒಂದೂವರೆ ಇಂಚಿಗಿಂತ ಹೆಚ್ಚು ಕತ್ತರಿಸಿದರೆ ಕೈ ತೂರಿಸೋದು ಕಷ್ಟ. ಅದಕ್ಕಿಂತ ಮುಕ್ಕಾಲು ತೋಳು ಮಾಡಿಬಿಡಿ. ಆದರೆ ಮೊಣಕೈ ಮೇಲೇ ನಿಲ್ಲಿಸಬೇಡಿ, ಕೈ ಮಡಚಿದಾಗಲೆಲ್ಲ ಚುಚ್ಚುತ್ತದೆ.

ಪ್ಯಾಂಟು: ಮೊದಲು ಮೇಲೆ ನೋಡಿ

ಕ್ರಾಚ್ ಹೊಲಿಗೆ, ಅಂದರೆ ಎರಡು ಕಾಲು ಸೇರುವ ಜಾಗದ ಹೊಲಿಗೆ, ಕೆಳಗೆ ಜೋತುಬಿದ್ದಿದ್ದರೆ ಕಾಲಿನ ಉದ್ದ ಎಷ್ಟು ಸರಿ ಮಾಡಿದರೂ ಕಾಲು ಗಿಡ್ಡವಾಗೇ ಕಾಣುತ್ತದೆ. ಕುರ್ಚಿಯಲ್ಲಿ ಕೂತು ತೆಗೆದ ಅಳತೆಗೆ ಅರ್ಧದಿಂದ ಒಂದು ಇಂಚು ಸಡಿಲ ಸೇರಿಸಿ, ಸೊಂಟದವರೆಗೂ ಬರುವ ಪ್ಯಾಂಟಿನ ಆಳಕ್ಕೆ ಹೋಲಿಸಿ. ಸೊಂಟಕ್ಕಿಂತ ಕೆಳಗೆ ಕೂರುವ ಪ್ಯಾಂಟಾದರೆ, ಎಲಾಸ್ಟಿಕ್‌ನಿಂದ ಅದು ಕೂರುವ ಜಾಗಕ್ಕೆ ಎಷ್ಟು ಇಂಚೋ ಅಷ್ಟನ್ನು ಕಳೆದುಕೊಳ್ಳಿ.

ಜಾಸ್ತಿ ಇದ್ದರೆ ಅದನ್ನು ಮೇಲಿನಿಂದ ಮಾತ್ರ ತೆಗೆಯಲು ಆಗುತ್ತದೆ. ಕ್ರಾಚಿನ ಬಾಗನ್ನು ಕೆಳಗೆ ಕೊರೆದು ಹೊಲಿದರೆ ಆಳ ಇನ್ನೂ ಹೆಚ್ಚಾಗುತ್ತದೆ. ಸೊಂಟಪಟ್ಟಿ ಬಿಚ್ಚಿ, ಎಷ್ಟು ಬೇಕೋ ಅಷ್ಟು ಮೇಲಿಂದ ಕತ್ತರಿಸಿ, ಪಟ್ಟಿ ವಾಪಸ್ ಹಾಕಿ. ಕೆಳಗಿನ ಭಾಗ ಅಗಲ ಇರುವುದರಿಂದ ಡಾರ್ಟ್ ಮತ್ತು ಹಿಂದಿನ ನಡುಹೊಲಿಗೆಯಲ್ಲಿ ಒಳಗೆ ತರಬೇಕಾಗುತ್ತದೆ. ನೈಲಾನ್ ಜಿಪ್ ಮೇಲಿನಿಂದ ಕತ್ತರಿಸಬಹುದು, ಆದರೆ ಕತ್ತರಿಸುವ ಮೊದಲು ಜಿಪ್ಪಿನ ರನ್ನರ್ ಅನ್ನು ಕೆಳಗೆ ಇಳಿಸಿಡಿ, ಇಲ್ಲದಿದ್ದರೆ ಅದು ಕತ್ತರಿಸಿದ ತುಂಡಿನ ಜೊತೆ ಕೈಗೆ ಬರುತ್ತದೆ. ಲೋಹದ ಜಿಪ್ಪಿನಲ್ಲಿ ಹೊಲಿಗೆಗೆ ಅಡ್ಡ ಬರುವ ಹಲ್ಲುಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳಬೇಕು. ಜೇಬಿನ ಬಾಯಿ ಚಿಕ್ಕದಾಗುವುದರಿಂದ ಒಂದು ಇಂಚಿಗಿಂತ ಹೆಚ್ಚು ಇಲ್ಲಿ ತೆಗೆಯಲು ಹೋಗಬೇಡಿ.

ಆಮೇಲೆ ಮೊಣಕಾಲು. ನೇರ ಕಾಲಿನ ಪ್ಯಾಂಟಿಗೆ ಚಿಂತೆ ಇಲ್ಲ. ಕೆಳಗೆ ಕಿರಿದಾಗುವ ಪ್ಯಾಂಟನ್ನು ಕತ್ತರಿಸಿದರೆ ಕೆಳತುದಿ ಅಗಲ ಆಗುತ್ತದೆ, ಹಾಗಾಗಿ ಮೊಣಕಾಲಿನಿಂದ ಕೆಳಗೆ ಮತ್ತೆ ಕಿರಿದು ಮಾಡಿ. ಕೆಳಗೆ ಅಗಲ ಆಗುವ ಬೂಟ್‌ಕಟ್‌ನಲ್ಲಿ ಮೂರು ನಾಲ್ಕು ಇಂಚು ಹೋದರೆ ಆ ಅಗಲವೇ ಹೋಗಿಬಿಡುತ್ತದೆ, ಅಂಥದ್ದನ್ನು ಕೊಳ್ಳದಿರುವುದೇ ವಾಸಿ.

ಉದ್ದ ಗುರುತು ಮಾಡುವಾಗ ಆ ಪ್ಯಾಂಟಿನ ಜೊತೆ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ನೆಟ್ಟಗೆ ನಿಲ್ಲಿ, ಇನ್ನೊಬ್ಬರು ಗುರುತು ಹಾಕಲಿ. ನೀವೇ ಬಗ್ಗಿದರೆ ಅಳತೆ ತಪ್ಪುತ್ತದೆ. ಒಬ್ಬರೇ ಇದ್ದರೆ, ಚೆನ್ನಾಗಿ ಕೂರುವ ಹಳೆಯ ಪ್ಯಾಂಟಿನ ಒಳಕಾಲಿನ ಹೊಲಿಗೆ ಅಳೆದು ಅದೇ ಅಳತೆ ಹಿಡಿಯಿರಿ. ಮಡಚಲು ಒಂದರಿಂದ ಒಂದೂವರೆ ಇಂಚು ಬಿಡಿ. ಕಿರಿದಾಗುವ ಕಾಲಿನಲ್ಲಿ ಈ ಮಡಚುವ ಭಾಗವನ್ನು ಹೊರಕ್ಕೆ ಅಗಲವಾಗಿ ಕತ್ತರಿಸಬೇಕು. ನೇರ ಕೆಳಗೆ ಕತ್ತರಿಸಿದರೆ ಮಡಚಿದಾಗ ಒಳಗಿನದು ಸಾಲದೆ ಎಳೆಯುತ್ತದೆ.

ಜೀನ್ಸಿನ ಹಳೆಯ ಅಂಚನ್ನೇ ಉಳಿಸಿಕೊಳ್ಳಬೇಕಾ? ಎರಡು ಇಂಚು ಕಮ್ಮಿ ಮಾಡಬೇಕು ಅಂದುಕೊಳ್ಳಿ. ಅಂಚಿನ ದಪ್ಪ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯದೆ, ಅದರ ಮೇಲಿನ ತುದಿಯಿಂದ ಒಂದೇ ಇಂಚು ಇರುವಂತೆ ಹೊರಗಡೆಗೆ ಮಡಚಿ. ಮಡಿಕೆಯಲ್ಲಿ ಬಟ್ಟೆ ಎರಡು ಪದರ ಇರುವುದರಿಂದ ಒಂದು ಇಂಚು ಎರಡಾಗುತ್ತದೆ. ಹಳೆಯ ಪಟ್ಟಿಗೆ ತಾಗಿದಂತೆ ಸುತ್ತಲೂ ಹೊಲಿದು, ಪಟ್ಟಿಯನ್ನು ಕೆಳಗೆ ತಿರುಗಿಸಿ, ಬಿಸಿ ಇಸ್ತ್ರಿ ಒತ್ತಿ. ಹೆಚ್ಚುವರಿಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ ಓವರ್‌ಲಾಕ್ ಮಾಡಿಸಿ. ಪಕ್ಕದ ಹೊಲಿಗೆಗಳು ಒಂದರ ಮೇಲೊಂದು ಬರುವ ದಪ್ಪ ಜಾಗದಲ್ಲಿ ಮೋಟರ್ ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿ, ಸೂಜಿ ಉಳಿಯುತ್ತದೆ.

ಹೊಸದಾಗಿ ಹೊಲಿಯುವವರಿಗೆ

ಪ್ಯಾಟರ್ನ್ (ಕಾಗದದ ಅಚ್ಚು) ಇಟ್ಟು ಹೊಲಿಯುವವರಿಗೆ ಇದೆಲ್ಲ ಇನ್ನೂ ಸುಲಭ, ಕಾಗದದಲ್ಲೇ ಮುಗಿಸಬಹುದು. ಎಳೆ ಗೆರೆಗೆ (ಬಟ್ಟೆಯ ಉದ್ದ ಎಳೆಯ ದಿಕ್ಕು ತೋರಿಸುವ ಗೆರೆ) ಲಂಬವಾಗಿ ಅಡ್ಡಗೆರೆಗಳನ್ನು ಎಳೆಯಿರಿ: ಆರ್ಮ್‌ಹೋಲಿನ ಮಧ್ಯೆ ಒಂದು, ಎದೆ ಮತ್ತು ಸೊಂಟದ ನಡುವೆ ಒಂದು, ಸೊಂಟ ಮತ್ತು ಹಿಪ್ ನಡುವೆ ಒಂದು, ಹಿಪ್ ಕೆಳಗೆ ಒಂದು. ಪ್ರತಿ ಗೆರೆಯಲ್ಲಿ ಎಷ್ಟು ಕಮ್ಮಿ ಆಗಬೇಕೋ ಅದರ ಅರ್ಧದಷ್ಟು ಆಳಕ್ಕೆ ಮಡಚಿ ಅಂಟಿಸಿ. ಆರ್ಮ್‌ಹೋಲ್ ಮಧ್ಯೆ ಮಡಚಿದಷ್ಟನ್ನೇ ಹಿಂಭಾಗದಲ್ಲೂ ತೋಳಿನ ಮೇಲ್ಭಾಗದಲ್ಲೂ ಮಡಚಬೇಕು, ಇದು ತಪ್ಪಿದರೆ ತೋಳು ಕೂರುವುದೇ ಇಲ್ಲ. ಮಡಚಿದಲ್ಲಿ ಬಾಗುಗೆರೆ ಮುರಿದಂತೆ ಕಾಣುತ್ತದೆ, ಅದನ್ನು ನಯವಾಗಿ ಮತ್ತೆ ಎಳೆಯಿರಿ.

ಉದ್ದ ಸರಿಯಾದ ಮೇಲೂ ಏನೋ ಸರಿ ಇಲ್ಲ ಅನ್ನಿಸಿದರೆ ಜೇಬು, ಕಾಲರ್, ಕಫ್ ನೋಡಿ. ಐದು ಇಂಚು ಅಗಲದ ಜೇಬು ಚಿಕ್ಕ ಎದೆಯ ಮೇಲೆ ತುಂಬಾ ದೊಡ್ಡದು, ನಾಲ್ಕೂಕಾಲು ಸಾಕು. ಕಾಲರ್ ತುದಿ ಕಾಲು ಇಂಚು ಕಮ್ಮಿ ಮಾಡಿ. ಗುಂಡಿಗಳನ್ನು ಹಳೆಯ ಗುರುತಿನ ಪ್ರಕಾರ ಹಾಕದೆ, ಮೊದಲು ಎದೆ ತುದಿಯ ನೇರಕ್ಕೆ ಒಂದು ಇಡಿ, ಅಲ್ಲಿಂದ ಮೇಲೆ ಕೆಳಗೆ ಸಮ ಅಂತರದಲ್ಲಿ ಉಳಿದವನ್ನು ಹಂಚಿ. ಎದೆಯ ಹತ್ತಿರ ಶರ್ಟು ಬಾಯಿ ಬಿಡುವುದು ಅರ್ಧಕ್ಕರ್ಧ ಇದರಿಂದಲೇ ನಿಲ್ಲುತ್ತದೆ.

ಗಟ್ಟಿ ಹೊಲಿಗೆ ಹಾಕುವ ಮೊದಲು ಕಚ್ಚಾ ಹೊಲಿಗೆಯಲ್ಲೇ ಬಟ್ಟೆ ಹಾಕಿಕೊಂಡು ಹತ್ತು ನಿಮಿಷ ಓಡಾಡಿ. ಕೂತು ಏಳಿ, ಮೇಲಿನ ಕಪಾಟಿಗೆ ಕೈ ಚಾಚಿ, ಬಗ್ಗಿ ಚಪ್ಪಲಿ ಸರಿಮಾಡಿ. ಎಲ್ಲೂ ಹಿಡಿಯದಿದ್ದರೆ ಹೆಚ್ಚುವರಿ ಬಟ್ಟೆ ಕತ್ತರಿಸಿ, ಪ್ರತಿ ಹೊಲಿಗೆಗೂ ಇಸ್ತ್ರಿ ಒತ್ತಿ, ಆಮೇಲೆ ಕೆಳಗಿನ ಅಂಚು ಗುರುತು ಮಾಡಿ. ಕತ್ತರಿಸಿ ಉಳಿದ ತುಂಡುಗಳನ್ನು ಎಸೆಯಬೇಡಿ, ಮುಂದೆ ಎಲ್ಲಾದರೂ ಹರಿದರೆ ತೇಪೆಗೆ ಅದೇ ಬಣ್ಣದ ಬಟ್ಟೆ ಬೇಕಾಗುತ್ತದೆ.